ಛತ್ರಿ ಉಲ್ಟಾ ಆದರೆ ಸ್ಟಾರ್ಮ್ ಅನ್ನಬೇಕಾ?

ನಮಸ್ಕಾರ. ನಮ್ಮ ಗದಗಿನ ಆಷಾಢ ನಿಮಗೆ ಗೊತ್ತೇ ಇದೆ. ಮೋಡ ಓಡುತ್ತವೆ, ನಾಲ್ಕು ಹನಿ ಉದುರುತ್ತವೆ, ಉಳಿದದ್ದೆಲ್ಲ ಗಾಳಿ. ಕಪ್ಪತ್ತಗುಡ್ಡದ ಮೇಲಿನ ಗಾಳಿ ವಿದ್ಯುತ್ ಫ್ಯಾನ್‌ಗಳಿಗೆ ಪುರುಸೊತ್ತೇ ಇರುವುದಿಲ್ಲ.

ಮೊನ್ನೆ ಅಕ್ಕನ ಮಗಳು ಇಂಗ್ಲಿಷಿನಲ್ಲಿ ಒಂದು ಪ್ಯಾರಾ ಬರೆದು ತಂದಳು. ‘ಮಾಮಾ, ಸರಿ ಐತೇನು ನೋಡು’ ಅಂದಳು. ಬಸ್ ಸ್ಟ್ಯಾಂಡ್ ಹತ್ತಿರ ಅವಳ ಛತ್ರಿ ಉಲ್ಟಾ ಆಗಿ, ಕಡ್ಡಿಗಳೆಲ್ಲ ಆಕಾಶ ನೋಡಿದ ಕಥೆ. ಮೊದಲ ಸಾಲಿನಲ್ಲಿ ‘ಹೆವಿ ವಿಂಡ್’, ಕೊನೆಯಲ್ಲಿ ‘ಸ್ಟಾರ್ಮ್’.

ಹೆವಿ ಎಲ್ಲಿಂದ ಬಂತು? ನಾವು ಜೋರು ಮಳೆ ಅಂತೀವಿ, ಜೋರು ಗಾಳಿನೂ ಅಂತೀವಿ. ಒಂದೇ ಮಾತು ಎರಡಕ್ಕೂ ನಡೆಯುತ್ತದೆ. ಇಂಗ್ಲಿಷಿನಲ್ಲಿ ಮಳೆ ಹೆವಿ, ಗಾಳಿ ಸ್ಟ್ರಾಂಗ್. ಅಷ್ಟೇ.

ಸ್ಟಾರ್ಮ್ ಮಾತ್ರ ಸ್ವಲ್ಪ ಕೂತು ಯೋಚಿಸುವ ಪದ. 1805ರಲ್ಲಿ ಬ್ರಿಟಿಷ್ ನೌಕಾಪಡೆಯ ಫ್ರಾನ್ಸಿಸ್ ಬೋಫರ್ಟ್ ಗಾಳಿಗೆ ಒಂದು ಅಳತೆ ಕಟ್ಟಿದರು, 0ಯಿಂದ 12ರವರೆಗೆ. ಅವರು ನೋಡಿದ್ದು ಹಡಗಿನ ಹಾಯಿ. ನೆಲದ ಮೇಲಿನ ಗುರುತುಗಳು ಆಮೇಲೆ ಸೇರಿದವು. ಧೂಳು, ಕಾಗದ ಹಾರಿದರೆ 4. ದೊಡ್ಡ ಕೊಂಬೆ ತೂಗಾಡಿ ಛತ್ರಿ ಹಿಡಿಯೋದು ಕಷ್ಟ ಆದರೆ 6, ಗಂಟೆಗೆ 39ರಿಂದ 49 ಕಿಲೋಮೀಟರ್. ಮರದ ರೆಂಬೆ ಮುರಿದು ಬೀಳುವ 8ಕ್ಕೆ ಗೇಲ್ ಅಂತ ಹೆಸರು. ಸ್ಟಾರ್ಮ್ ಬರುವುದು 10ಕ್ಕೆ, ಅಂದರೆ 89 ಕಿಲೋಮೀಟರ್ ದಾಟಿದ ಮೇಲೆ. ಮರಗಳೇ ಬುಡಸಮೇತ ಏಳುವ ಗಾಳಿ ಅದು!

ಅಳತೆಯ ಮಾತು ಬಿಟ್ಟರೆ, ಮೇ ತಿಂಗಳಲ್ಲಿ ಗುಡುಗು ಸಿಡಿಲಿನ ಜೊತೆ ಹೊಡೆಯುವ ಮಳೆಗೂ ಇಂಗ್ಲಿಷಿನಲ್ಲಿ ಸ್ಟಾರ್ಮ್ ಅನ್ನಬಹುದು, ತಪ್ಪಿಲ್ಲ. ಆಷಾಢದ ಗಾಳಿಗೆ ಬೇಡ.

ಇನ್ನೊಂದು ತೊಡಕಿದೆ. ಬೋಫರ್ಟ್ ಅಳತೆಯಲ್ಲಿ ಆ 6ರ ಹೆಸರು ‘ಸ್ಟ್ರಾಂಗ್ ಬ್ರೀಜ್’. ಆದರೆ ಬರೀ ಬ್ರೀಜ್ ಅಂದರೆ ಓದುವವರಿಗೆ ಹಿತವಾದ ತಂಗಾಳಿಯೇ ನೆನಪಾಗುತ್ತದೆ, ಅಲ್ವಾ? ಹಾಗಾಗಿ ಶಾಲೆಯ ಪ್ಯಾರಾದಲ್ಲಿ ‘ಸ್ಟ್ರಾಂಗ್ ವಿಂಡ್’ ಸಾಕು ಅಂತ ನನ್ನ ಅಭಿಪ್ರಾಯ.

ಇಷ್ಟಕ್ಕೆಲ್ಲ ಯಾಕೆ ತಲೆ ಕೆಡಿಸಿಕೊಳ್ಳಬೇಕು ಅಂತೀರಾ? ಈ ಹುಡುಗಿ ನಾಳೆ ಬಿದ್ದ ಬಾಳೆ ತೋಟದ ವರದಿ ಬರೆಯಬಹುದು. ಇವತ್ತು ಧೂಳು ಎದ್ದದ್ದಕ್ಕೇ ಸ್ಟಾರ್ಮ್ ಅಂದರೆ, ಮನೆ ಮೇಲಿನ ತಗಡು ಕಿತ್ತು ಹೋದ ದಿನ ಏನಂತ ಬರೆಯಬೇಕು?

‘ಗಾಳಿ ಒಂದೇ ಸಮ ಬೀಸ್ತಿತ್ತಾ?’ ಅಂತ ಅವಳನ್ನೇ ಕೇಳಿದೆ. ‘ಇಲ್ಲ ಮಾಮಾ, ರಪ್ ಅಂತ ಬಂದು ಹೋತು’ ಅಂದಳು. ಅದಕ್ಕೆ ‘ಗಸ್ಟ್’ ಅಂತಾರೆ ಅಂದೆ. ಪೆನ್ಸಿಲ್ ತಗೊಂಡು ಹಳೇ ಸಾಲು ಅಳಿಸಿ ಬರೆದಳು: ‘ಎ ಗಸ್ಟ್ ಟರ್ನ್ಡ್ ಮೈ ಅಂಬ್ರೆಲಾ ಇನ್‌ಸೈಡ್ ಔಟ್.’