ರಾಟೆ ಮತ್ತೆ ನೂಲಲಿ

ಕೇಳುಗರೆ, ನಮಸ್ಕಾರ.

ಹಳೆಯ ರಾಟೆಯೊಂದು ಕೈಗೆ ಸಿಕ್ಕಿತೆಂದರೆ ಎಲ್ಲರ ಕಣ್ಣೂ ಮೊದಲು ಗಾಲಿಯ ಮೇಲೆ ಬೀಳುತ್ತದೆ. ನೀವು ಮೊದಲು ಕದಿರನ್ನು, ಅಂದರೆ ಎಳೆಗೆ ಹುರಿ ಕೊಟ್ಟು ನೂಲು ಸುತ್ತಿಕೊಳ್ಳುವ ತೆಳ್ಳನೆಯ ಕಬ್ಬಿಣದ ಕಡ್ಡಿಯನ್ನು ನೋಡಿ. ಗಾಲಿ ಎಷ್ಟೇ ಚಂದವಿರಲಿ, ಕದಿರು ಸೊಟ್ಟಗಿದ್ದರೆ ರಾಟೆ ನೂಲುವುದಿಲ್ಲ. ನೂಲದ ರಾಟೆಯನ್ನು ರಿಪೇರಿಯಾಯಿತು ಎಂದು ನಾನು ಒಪ್ಪುವುದೂ ಇಲ್ಲ. ಮರವನ್ನೆಲ್ಲ ಉಜ್ಜಿ, ಮಿರಮಿರ ಮಿಂಚುವ ವಾರ್ನಿಷ್ ಬಳಿದು, ದಾರವಿಲ್ಲದೆ ಗಾಜಿನ ಪೆಟ್ಟಿಗೆಯೊಳಗೆ ಕೂರಿಸಿದ ರಾಟೆಗಳನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ನಿಮ್ಮ ಅಟ್ಟದ ಮೇಲೆ ಒಂದು ರಾಟೆ ಇದ್ದರೆ ಕೆಳಗಿಳಿಸಿ. ಅದನ್ನು ಮತ್ತೆ ನೂಲುವಂತೆ ಮಾಡಿ. ನನ್ನ ಮಾತೆಲ್ಲ ಇದರ ಸುತ್ತಲೇ.

ನಮ್ಮ ಕಡೆಯ ಮನೆಗಳಲ್ಲಿ ಹೆಚ್ಚಾಗಿ ಸಿಗುವುದು ಎರಡು ಬಗೆ. ಒಂದು ಪೆಟ್ಟಿಗೆ ಚರಕ. ಮುಚ್ಚಳ ತೆಗೆದರೆ ಒಳಗೆ ಒಂದು ದೊಡ್ಡ ಗಾಲಿ, ಒಂದು ಚಿಕ್ಕ ಗಾಲಿ. ಗಾಂಧೀಜಿ ಯರವಡಾ ಜೈಲಿನಲ್ಲಿದ್ದಾಗ, 1930ರ ಹೊತ್ತಿಗೆ ಇದು ರೂಪುಗೊಂಡಿತು. ಯರವಡಾ ಚರಕ ಎಂಬ ಹೆಸರೂ ಅದಕ್ಕೇ ಬಂತು. ಇನ್ನೊಂದು ನೆಲದ ಮೇಲಿಟ್ಟು ತಿರುಗಿಸುವ, ದೊಡ್ಡ ಗಾಲಿಯ ಮನೆ ರಾಟೆ. ನಾನು ಹೆಚ್ಚು ಮಾತಾಡಬೇಕೆಂದಿರುವುದು ಇದರ ಬಗ್ಗೆ.

ಇದರ ಕಟ್ಟಣೆ ಎಷ್ಟು ಹಳೆಯದು ಗೊತ್ತೆ? ಹನ್ನೆರಡನೆಯ ಶತಮಾನದ ಶರಣೆ ಕದಿರ ರೆಮ್ಮವ್ವೆ ನೂಲುವ ಕಾಯಕದವಳು. ತಾನು ತಿರುಗಿಸುವ ರಾಟೆಯ ಬಗ್ಗೆ ಅವಳದೊಂದು ವಚನವಿದೆ. ಅಡಿಯ ಹಲಗೆ, ತೋರಣ, ನಿಂತ ಬೊಂಬೆ, ಎರಡು ಸೂತ್ರಕರ್ಣ, ಕದಿರು ಎಂದು ಒಂದೊಂದು ಭಾಗವನ್ನೂ ಅಲ್ಲಿ ಹೆಸರಿಸುತ್ತಾಳೆ. ದಿನವೂ ಕೈಯಾಡಿಸಿದವರಿಗೆ ಮಾತ್ರ ಬರುವ ಮಾತು ಅದು. ನೆರೆಮನೆಯ ಅಜ್ಜಿಯೊಬ್ಬರು ನವಲಗುಂದದ ಕಡೆಯ ತಮ್ಮ ತವರಿನಿಂದ ತಂದ ರಾಟೆಯನ್ನು ನಾನು ಬಿಚ್ಚಿ ಹರಡಿದಾಗ ಅಡಿಹಲಗೆ, ನಿಂತ ಕಂಬ, ಕದಿರನ್ನು ಹಿಡಿಯುವ ಜೋಡಿ ಕಿವಿ ಎಲ್ಲವೂ ನನ್ನ ಮುಂದಿದ್ದವು. ಒಂದು ಕಿವಿ ಮುರಿದಿತ್ತು. ಉಳಿದದ್ದನ್ನು ನೋಡಿ ಊರಿನ ಬಡಿಗೇರರು ಜಾಲಿಯ ತುಂಡಿನಲ್ಲಿ ಅದರ ಜೋಡಿಯನ್ನು ಮಾಡಿಕೊಟ್ಟರು.

ಆ ರಾಟೆಯ ಅಡಿಹಲಗೆಯ ಒಂದು ಮೂಲೆ ಸವೆದು ತಗ್ಗಾಗಿ, ಬೆಣ್ಣೆಯಷ್ಟು ನುಣುಪಾಗಿತ್ತು. ತಿರುಗಿಸುವಾಗ ರಾಟೆ ಜರುಗದಂತೆ ಕಾಲ ಹೆಬ್ಬೆರಳಿನಿಂದ ಅದುಮಿ ಹಿಡಿಯುತ್ತಾರಲ್ಲ, ಆ ಗುರುತು. ಹಿಡಿಕೆಯ ಒಂದೇ ಮಗ್ಗುಲು ಕಪ್ಪಾಗಿತ್ತು. ಕಂಬದ ಮೇಲೆ ದಾರ ಉಜ್ಜಿ ಉಜ್ಜಿ ಮೂಡಿದ ಗೆರೆಗಳು. ಉಪ್ಪುಕಾಗದ ಹಿಡಿದು ಕೂತರೆ ಅರ್ಧ ಗಂಟೆಯೊಳಗೆ ಇವೆಲ್ಲ ಮಾಯ. ದಯವಿಟ್ಟು ಉಜ್ಜಬೇಡಿ. ಮೆತ್ತನೆಯ ಕುಂಚದಿಂದ ಧೂಳು ತೆಗೆಯಿರಿ. ಅಂಟುವಾಳದ ನೀರಿನಲ್ಲಿ ಬಟ್ಟೆ ಅದ್ದಿ, ಚೆನ್ನಾಗಿ ಹಿಂಡಿ ಒರೆಸಿ, ನೆರಳಲ್ಲಿ ಒಣಗಿಸಿ. ಆಮೇಲೆ ಅಗಸೆ ಎಣ್ಣೆಯನ್ನು ತೀರ ತೆಳ್ಳಗೆ ಹಚ್ಚಿ. ಕೊಬ್ಬರಿ ಎಣ್ಣೆ ಬೇಡ, ಅದು ಒಣಗುವುದಿಲ್ಲ, ಧೂಳು ಹಿಡಿಯುತ್ತದೆ. ಇನ್ನೊಂದು ಎಚ್ಚರಿಕೆ: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳುವುದುಂಟು. ಬಿಡಿಸಿ ಬಯಲಿನಲ್ಲಿ ಒಣಹಾಕಿ.

ಮರದಲ್ಲಿ ಸಣ್ಣ ತೂತುಗಳಿದ್ದರೆ ಗಾಬರಿ ಬೇಡ. ಕಪ್ಪು ಬಟ್ಟೆಯ ಮೇಲೆ ಕೆಲವು ದಿನ ರಾಟೆಯನ್ನು ಇಟ್ಟು ನೋಡಿ. ಹೊಸ ಹುಡಿ ಉದುರಿದ್ದರೆ ಮಾತ್ರ ಒಳಗೆ ಹುಳ ಇದೆ, ಔಷಧಿ ಬೇಕು. ಸಡಿಲವಾದ ಕೀಲುಗಳಿಗೆ ಮೊಳೆ ಹೊಡೆಯಬೇಡಿ. ಮೊಳೆ ಹೊಡೆದರೆ ಹಳೆಯ ಮರ ಸೀಳುತ್ತದೆ. ಮರದ ಬೆಣೆಯನ್ನೇ ಹೊಸದಾಗಿ ಕೆತ್ತಿಸಿ.

ಈಗ ಕದಿರಿಗೆ ಬರೋಣ. ಅದು ಏಕೆ ಅಷ್ಟು ನೇರವಿರಬೇಕು ಎಂದು ತಿಳಿಯಲು ಒಂದು ಹಳೆಯ ಲೆಕ್ಕ ನೋಡಿ. 1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಗಾಂಧೀಜಿ ಅಧ್ಯಕ್ಷರಾಗಿದ್ದ ಒಂದೇ ಒಂದು ಅಧಿವೇಶನ ಅದು. ಸದಸ್ಯರಾಗಬೇಕಾದರೆ ತಿಂಗಳಿಗೆ 2000 ಗಜ ನೂಲು ಕೊಡಬೇಕೆಂಬ ನಿಯಮಕ್ಕೆ ಅಲ್ಲಿ ಒಪ್ಪಿಗೆ ಸಿಕ್ಕಿತು. 2000 ಗಜ ಎಂದರೆ ಎಷ್ಟು ಕೆಲಸ? ನೂಲು ಎಷ್ಟು ಸಣ್ಣ ಎಂಬುದನ್ನು ನಂಬರಿನಲ್ಲಿ ಹೇಳುತ್ತಾರೆ; ಇಪ್ಪತ್ತರ ನಂಬರಿನ ನೂಲು ಒಂದು ಪೌಂಡಿಗೆ 16,800 ಗಜ ಬರುತ್ತದೆ. ಆ ಲೆಕ್ಕದಲ್ಲಿ 2000 ಗಜ ನೂಲಿನ ತೂಕ ಸುಮಾರು 54 ಗ್ರಾಂ, ಒಂದು ಹಿಡಿ ಅರಳೆ ಅಷ್ಟೆ. ಆದರೆ ಅಂಥ ನೂಲಿಗೆ ಒಂದು ಅಂಗುಲಕ್ಕೆ ಹದಿನೆಂಟರಷ್ಟು ಹುರಿ ಬೇಕು. ಲೆಕ್ಕ ಹಾಕಿದರೆ ಕದಿರು ಸುಮಾರು 13 ಲಕ್ಷ ಸುತ್ತು ತಿರುಗಬೇಕು! ಗಾಲಿಯ ಅಡ್ಡಳತೆ 24 ಅಂಗುಲ, ಕದಿರಿನ ಮೇಲೆ ದಾರ ಓಡುವ ಜಾಗ ಅರ್ಧ ಅಂಗುಲ ಇದ್ದರೆ, ಗಾಲಿ ಒಂದು ಸುತ್ತು ಬರುವಷ್ಟರಲ್ಲಿ ಕದಿರು 48 ಸುತ್ತು ತಿರುಗುತ್ತದೆ. ಇಷ್ಟು ಓಡುವ ಕಡ್ಡಿ ಕೂದಲೆಳೆಯಷ್ಟು ಬಾಗಿದ್ದರೂ ಪ್ರತಿ ಸುತ್ತಿಗೂ ಎಳೆಗೆ ಪೆಟ್ಟು ಬೀಳುತ್ತದೆ, ನೂಲು ಪಟಪಟ ಹರಿಯುತ್ತದೆ.

ಹಾಗಾಗಿ ಕದಿರನ್ನು ಬಿಚ್ಚಿ, ತುಕ್ಕಿದ್ದರೆ ಸೀಮೆಎಣ್ಣೆಯಲ್ಲಿ ನೆನೆಸಿ. ಆಮೇಲೆ ನಯವಾದ ಉಪ್ಪುಕಾಗದದಿಂದ ಉದ್ದಕ್ಕೆ ಉಜ್ಜಿ. ಅಡ್ಡಕ್ಕೆ ಉಜ್ಜಿದರೆ ಗೀರುಗಳಾಗಿ ಎಳೆ ಸಿಕ್ಕಿಕೊಳ್ಳುತ್ತದೆ. ಕನ್ನಡಿಯ ಗಾಜಿನ ಮೇಲೆ ಮೆಲ್ಲಗೆ ಉರುಳಿಸಿ, ಕಣ್ಣನ್ನು ಗಾಜಿನ ಮಟ್ಟಕ್ಕೆ ತಂದು ನೋಡಿ. ಎಲ್ಲಿ ಅಡಿಯಿಂದ ಬೆಳಕು ಇಣುಕುತ್ತದೋ ಅಲ್ಲಿ ಡೊಂಕು. ಅಲ್ಲಿಗೆ ಸುಣ್ಣದ ಕಡ್ಡಿಯಿಂದ ಗುರುತು ಮಾಡಿ, ಗಟ್ಟಿ ಮರದ ತುಂಡಿನ ಮೇಲಿಟ್ಟು ಕೊಡತಿಯಿಂದ ಹಗುರವಾಗಿ ತಟ್ಟಿ. ಮತ್ತೆ ಉರುಳಿಸಿ, ಮತ್ತೆ ತಟ್ಟಿ. ಈ ಕೆಲಸಕ್ಕೆ ಅವಸರ ಆಗದು. ನನಗೆ ಇಡೀ ರಾಟೆಯಲ್ಲಿ ಅತ್ಯಂತ ಪ್ರೀತಿಯ ಕೆಲಸವೂ ಇದೇ. ಕಡೆಗೊಮ್ಮೆ ಕದಿರು ಗಾಜಿನ ಮೇಲೆ ಸದ್ದಿಲ್ಲದೆ ಉರುಳಿದಾಗ ಆಗುವ ಖುಷಿಯೇ ಬೇರೆ.

ಕದಿರು ಕೂರುವ ಕಿವಿಗಳಲ್ಲಿ ಚರ್ಮದ ತುಂಡುಗಳಿರುತ್ತವೆ. ಒಣಗಿ ಬಿರಿತಿದ್ದರೆ ಹಳೆಯ ಚಪ್ಪಲಿಯ ದಪ್ಪ ಚರ್ಮವೇ ಸಾಕು, ಕತ್ತರಿಸಿ ಹಾಕಿ. ಅಲ್ಲಿಗೂ ಗಾಲಿಯ ಅಚ್ಚಿಗೂ ಒಂದೊಂದು ಹನಿ ಹರಳೆಣ್ಣೆ.

ಗಾಲಿಯಿಂದ ಕದಿರಿಗೆ ಓಡುವ ದಾರಕ್ಕೆ ನೈಲಾನ್ ಬೇಡ, ಅದು ಜಾರುತ್ತದೆ. ಮೂರೆಳೆ ಹತ್ತಿಯ ನೂಲನ್ನು ಹೊಸೆದು, ಜೇನುಮೇಣ ಸವರಿ. ದೊಡ್ಡ ಗಂಟು ಹಾಕಿದರೆ ಪ್ರತಿ ಸುತ್ತಿಗೂ ಕದಿರು ಎಗರುತ್ತದೆ. ಎರಡು ತುದಿಗಳ ಎಳೆಗಳನ್ನು ಬಿಚ್ಚಿ ಒಂದರೊಳಗೊಂದು ಹೆಣೆದು, ಸಣ್ಣ ದಾರದಿಂದ ಸುತ್ತಿ. ಗಾಲಿ ಮತ್ತು ಕದಿರು ಒಂದೇ ನೇರದಲ್ಲಿಲ್ಲದಿದ್ದರೆ ದಾರ ಪದೇ ಪದೇ ಕಳಚುತ್ತದೆ. ಆಗ ಬೈಯಬೇಕಾದದ್ದು ದಾರವನ್ನಲ್ಲ, ಓರೆಯಾದ ಕಂಬವನ್ನು. ಬೆಣೆ ಬಿಗಿಮಾಡಿ ಸರಿಪಡಿಸಿ.

ಇನ್ನು ಹಂಜಿ, ಅಂದರೆ ನೂಲಲು ಸುತ್ತಿಟ್ಟ ಹತ್ತಿಯ ಸುರುಳಿ. ಔಷಧಿ ಅಂಗಡಿಯ ಹತ್ತಿ ಬೇಡ. ಹತ್ತಿರದ ಖಾದಿ ಕೇಂದ್ರದಲ್ಲಿ ಕೇಳಿ. ಇಲ್ಲವೆ ಹೊಲದ ಹತ್ತಿ ಸಿಕ್ಕಿದರೆ ಬೀಜ ಬಿಡಿಸಿ, ಬೆರಳಿನಿಂದ ಹಿಂಜಿ, ಕಡ್ಡಿಗೆ ಸುತ್ತಿ ನೀವೇ ಹಂಜಿ ಮಾಡಿಕೊಳ್ಳಿ. ಬಲಗೈ ಗಾಲಿಗೆ, ಎಡಗೈ ಹಂಜಿಗೆ. ಎಳೆ ಕದಿರಿನ ತುದಿಯಿಂದ ಟಕ್ ಟಕ್ ಎಂದು ಜಾರುತ್ತಿರಬೇಕು, ಆ ಒಂದೊಂದು ಜಾರಿಕೆಯೂ ಒಂದೊಂದು ಹುರಿ. ಮೊದಮೊದಲು ಎಳೆ ಹರಿಯುತ್ತದೆ, ದಪ್ಪ ಸಣ್ಣ ಆಗುತ್ತದೆ, ಆಗಲಿ. ಆ ನವಲಗುಂದದ ರಾಟೆ ಸಿದ್ಧವಾದ ಮೇಲೆ ನೆರೆಮನೆಯ ಅಜ್ಜಿಯ ಮೊಮ್ಮಗಳು ಅದರಲ್ಲಿ ನೂಲುತ್ತಿದ್ದಾಳೆ. ಅವಳ ಎಳೆ ಈಗ ಒಂದು ಮಾರಿನವರೆಗೆ ಹರಿಯದೆ ಬರುತ್ತದೆ.

ಮಳೆಗಾಲದಲ್ಲಿ ತೇವಕ್ಕೆ ಹತ್ತಿಯ ದಾರ ಬಿಗಿಯಾಗಿ ಕದಿರನ್ನು ಎಳೆಯುತ್ತದೆ. ಆದ್ದರಿಂದ ನೂತಾದ ಮೇಲೆ ದಾರವನ್ನು ಗಾಲಿಯಿಂದ ಜಾರಿಸಿ, ಸಡಿಲವಾಗಿ ಬಿಟ್ಟು ರಾಟೆಯನ್ನು ಎತ್ತಿಡಿ. ನಮಸ್ಕಾರ.