ದೊರೆ ಬಿಟ್ಟುಹೋದ ಕೋವಿ

ಕೇಳುಗರಿಗೆ ನಮಸ್ಕಾರ.

ನಮ್ಮ ಮೂಡಿಗೆರೆ ಕಡೆ ಹಳೆ ಮನೆಗಳಲ್ಲಿ ಒಂದು ಕೋವಿ ಇರುತ್ತದೆ. ಕೋವಿಗಿಂತ ಉದ್ದದ ಒಂದು ಕಥೆಯೂ ಇರುತ್ತದೆ. ನಮ್ಮ ಮನೆಯ ಕಥೆ ಹೀಗಿತ್ತು. ಅಜ್ಜ ಒಬ್ಬ ಬಿಳಿ ದೊರೆಯ ಕಾಫಿ ತೋಟದಲ್ಲಿ ರೈಟರಾಗಿದ್ದರು. ದೊರೆ ಬರ್ಮಾ ಯುದ್ಧಕ್ಕೆ ಹೋಗಿ ಬಂದವನು. ಊರು ಬಿಡುವಾಗ ತನ್ನ ಮಿಲಿಟರಿ ಕೋವಿಯನ್ನು ಅಜ್ಜನ ಕೈಗಿಟ್ಟು ಹೋದನಂತೆ. ಈ ಕೋವಿ ಜಪಾನಿನವರ ಮೇಲೆ ಈಡು ಹೊಡೆದಿದೆ ಎಂದು ಅಜ್ಜಿ ಬಂದ ನೆಂಟರಿಗೆಲ್ಲ ಹೇಳುತ್ತಿದ್ದರು. ಪ್ರತಿ ಸಲ ಹೇಳುವಾಗಲೂ ಸತ್ತ ಜಪಾನಿನವರು ಇಬ್ಬರಾದರೂ ಜಾಸ್ತಿ ಆಗುತ್ತಿದ್ದರು.

ಅಜ್ಜಿ ತೀರಿಹೋದ ಮೇಲೆ ಒಂದು ಮಳೆಗಾಲದಲ್ಲಿ, ಕರೆಂಟ್ ಹೋಗಿದ್ದಾಗ, ಟಾರ್ಚ್ ಹಿಡಿದು ಆ ಕೋವಿಯನ್ನು ಸುಮ್ನೆ ನೋಡುತ್ತಾ ಕೂತಿದ್ದೆ. ಹಿಂದಿನ ಮರದ ಭಾಗ ಕಬ್ಬಿಣಕ್ಕೆ ಸೇರುವ ಜಾಗದಲ್ಲಿ ಸಣ್ಣ ಅಕ್ಷರ ಕಂಡವು. ಆರ್.ಎಫ್.ಐ. ಕೆಳಗೆ ಒಂದು ಇಸವಿ. ಅದು 1960ರ ದಶಕದ್ದು. ಬರ್ಮಾ ಯುದ್ಧ ಮುಗಿದದ್ದು 1945ರಲ್ಲಿ, ಅಲ್ವಾ?

ನನ್ನ ಹುಚ್ಚು ಶುರುವಾದದ್ದು ಅವತ್ತೇ.

ಬಾನುಲಿಯಲ್ಲಿ ಕೋವಿ ತೋರಿಸುವುದು ಹೇಗೆ? ನಿಮ್ಮ ಮನೆಯ ಹಳೆ ಬಾಗಿಲ ಚಿಲಕ ನೆನಪು ಮಾಡಿಕೊಳ್ಳಿ. ಹಿಡಿ ಎತ್ತಿ, ಹಿಂದಕ್ಕೆ ಎಳೆದರೆ ಬಾಗಿಲು ತೆರೆಯುತ್ತದೆ. ಮುಂದಕ್ಕೆ ತಳ್ಳಿ ಹಿಡಿ ಇಳಿಸಿದರೆ ಭದ್ರ. ಬೋಲ್ಟ್ ರೈಫಲ್ ಅಂದರೆ ಇಷ್ಟೇ. ಎಳೆದಾಗ ಸುಟ್ಟ ತೋಟಾದ ಚಿಪ್ಪು ಹೊರಗೆ ಹಾರುತ್ತದೆ, ತಳ್ಳಿದಾಗ ಹೊಸ ತೋಟಾ ಒಳಗೆ ಹೋಗುತ್ತದೆ. ನಮ್ಮ ಪೊಲೀಸರ ಹೆಗಲ ಮೇಲೆ ಎಷ್ಟೋ ವರ್ಷ ಇದ್ದ ತ್ರೀ ನಾಟ್ ತ್ರೀ ಇದೇ ಜಾತಿಯದು. ಆ 303 ಅನ್ನುವುದು ನಳಿಗೆಯ ತೂತಿನ ಅಳತೆ. ಹೆಸರು ಲೀ-ಎನ್‌ಫೀಲ್ಡ್. ಲೀ ಎಂಬುವನು ಚಿಲಕದ ಯೋಚನೆ ಕೊಟ್ಟವನು, ಎನ್‌ಫೀಲ್ಡ್ ಇಂಗ್ಲೆಂಡಿನ ಕಾರ್ಖಾನೆಯ ಊರು. ಹತ್ತು ತೋಟಾ ಹಿಡಿಯುತ್ತದೆ, ತೂಕ ಸುಮಾರು 4 ಕಿಲೋ. ಎನ್.ಸಿ.ಸಿ.ಯಲ್ಲಿ ಇದನ್ನು ಹೊತ್ತು ಪೆರೇಡ್ ಮಾಡಿದವರಿಗೆ ಆ ತೂಕ ಇನ್ನೂ ಹೆಗಲಲ್ಲಿ ನೆನಪಿರಬಹುದು.

ಆರ್.ಎಫ್.ಐ. ಅಂದರೆ ರೈಫಲ್ ಫ್ಯಾಕ್ಟರಿ ಇಶಾಪುರ. ಕೋಲ್ಕತ್ತಾ ಹತ್ತಿರದ ಊರು. ಅಲ್ಲಿ ಇಪ್ಪತ್ತನೇ ಶತಮಾನದ ಶುರುವಿನಿಂದ ರೈಫಲ್ ಮಾಡುತ್ತಿದ್ದಾರೆ. ಬ್ರಿಟಿಷರ ಕೊನೆಗಾಲದ ಇಶಾಪುರದ ಕೋವಿಯ ಮೇಲೆ ಕಿರೀಟ ಇರುತ್ತದೆ, ಅದರ ಕೆಳಗೆ ಜಿ.ಆರ್.ಐ. ಎಂಬ ಮೂರು ಅಕ್ಷರ. ಜಾರ್ಜ್, ರಾಜ, ಚಕ್ರವರ್ತಿ ಎಂದು ಲ್ಯಾಟಿನ್‌ನಲ್ಲಿ. ಸ್ವಾತಂತ್ರ್ಯ ಬಂದ ಮೇಲೆ ಕಿರೀಟ ಹೋಗಿ ಅಶೋಕನ ಸಿಂಹ ಬಂತು, ಜಿ.ಆರ್.ಐ. ಹೋಗಿ ಆರ್.ಎಫ್.ಐ. ಬಂತು. ಅಂದರೆ ಇಸವಿ ಸವೆದುಹೋಗಿದ್ದರೂ ಕೋವಿ ಯಾರ ಆಳ್ವಿಕೆಯದು ಎಂದು ಹೇಳಿಬಿಡಬಹುದು.

ಇದು ನಮ್ಮ ಕಡೆಯವರಿಗೆ ಹೊಸ ವಿದ್ಯೆ ಅಲ್ಲ. ಬೇಲೂರಿನ ಪಕ್ಕದಲ್ಲೇ ಹಲ್ಮಿಡಿ ಇದೆ. ಕಲ್ಲಿನ ಮೇಲಿನ ಅಕ್ಷರದ ಆಕಾರ ನೋಡಿ ಕಾಲ ಹೇಳುವವರನ್ನು ಕಂಡವರು ನಾವು. ಬೇಲೂರು ಗುಡಿಯ ವಿಗ್ರಹಗಳ ಕೆಳಗೆ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ಹೆಸರು ಕೆತ್ತಿಟ್ಟಿದ್ದಾರಲ್ಲ, ರೈಫಲ್ ಕಾರ್ಖಾನೆಯ ತಪಾಸಣೆಗಾರರೂ ಹಾಗೇ. ಒಂದೊಂದು ಬಿಡಿಭಾಗದ ಮೇಲೂ ಸಾಸಿವೆಯಷ್ಟು ಮುದ್ರೆ ಒತ್ತಿದ್ದಾರೆ. ಹೆಸರು ಮಾತ್ರ ಬರೆದಿಲ್ಲ, ಪಾಪ.

ಅದಕ್ಕೇ ನನ್ನ ಸಂಗ್ರಹ ಇರುವುದು ನೋಟ್‌ಬುಕ್ಕಿನಲ್ಲಿ. ಶಾಸನದ ಅಚ್ಚು ತೆಗೆಯುವ ಹಾಗೆ, ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಮುದ್ರೆಗಳನ್ನು ಇಳಿಸಿಕೊಳ್ಳುತ್ತೇನೆ. ಕೋವಿಗಳನ್ನೇ ಕೂಡಿಡಲು ನಮ್ಮಲ್ಲಿ ಕಾನೂನು ಬಿಡುವುದಿಲ್ಲ. ಸೈನ್ಯದ 303 ರೈಫಲ್ ನಿಷೇಧಿತ ವರ್ಗಕ್ಕೆ ಸೇರಿದ್ದು. 2019ರ ತಿದ್ದುಪಡಿ ಆದ ಮೇಲೆ ಸಾಮಾನ್ಯ ಲೈಸೆನ್ಸಿನಲ್ಲಿ ಎರಡಕ್ಕಿಂತ ಹೆಚ್ಚು ಕೋವಿ ಇಟ್ಟುಕೊಳ್ಳುವ ಹಾಗಿಲ್ಲ. ಅಟ್ಟದಲ್ಲಿ ಹಳೆಯದೇನಾದರೂ ಸಿಕ್ಕರೆ ಮೊದಲು ಠಾಣೆಗೆ ತಿಳಿಸಿ. ಆಮೇಲೆ ಕಾಗದ, ಪೆನ್ಸಿಲ್.

ಅಸಲಿಯೋ ನಕಲಿಯೋ ನೋಡುವುದು ಹೇಗೆ? ನಾನು ಮೊದಲು ನೋಡುವುದು ನಂಬರು. ಲೀ-ಎನ್‌ಫೀಲ್ಡಿನಲ್ಲಿ ಒಂದೇ ನಂಬರನ್ನು ಹಲವು ಕಡೆ ಒತ್ತಿರುತ್ತಾರೆ. ನಳಿಗೆಯ ಬುಡದಲ್ಲಿ, ಅದನ್ನು ಹಿಡಿದ ಕಬ್ಬಿಣದ ಬಳೆಯ ಮೇಲೆ, ಬೋಲ್ಟ್ ಹಿಡಿಯ ಹಿಂದೆ, ಮೂತಿಯ ಮುಚ್ಚಳದ ಮೇಲೆ, ಮುಂದಿನ ಮರದ ಅಡಿಯಲ್ಲಿ. ಎಲ್ಲ ಒಂದೇ ಇದ್ದರೆ ಹುಟ್ಟಿದಾಗಿನ ಜೋಡಿ. ಬೇರೆ ಬೇರೆ ಇದ್ದರೆ ತಕ್ಷಣ ನಕಲಿ ಅನ್ನಬೇಡಿ. ಯುದ್ಧದಲ್ಲಿ ಒಂದರ ಬೋಲ್ಟ್ ಮುರಿದರೆ ಇನ್ನೊಂದರದು ಹಾಕಿದ್ದಾರೆ. ದುಡಿದ ಕೋವಿ ಹಾಗೇ ಇರುತ್ತದೆ. ನನಗೆ ಅನುಮಾನ ಬರುವುದು ಎಲ್ಲ ನಂಬರೂ ಒಂದೇ ಇದ್ದು, ಒಂದು ಮಾತ್ರ ಹೊಳೆಯುತ್ತಿದ್ದರೆ. ನೂರು ವರ್ಷದ ಕಬ್ಬಿಣದಲ್ಲಿ ಹೊಸ ಅಂಕಿ ಹೊಸ ಹಲ್ಲಿನ ಹಾಗೆ ಕಾಣುತ್ತದೆ. ಹಳೆಯದನ್ನು ಅರೆದು ಹೊಸದು ಒತ್ತಿದ ಕಡೆ ಬೆರಳಾಡಿಸಿದರೆ ಸಣ್ಣ ತಗ್ಗು ಸಿಗುತ್ತದೆ.

ಬಾಣದ ಗುರುತು ಇದ್ದರೆ ಸರ್ಕಾರದ ಸೊತ್ತು. ಎರಡು ಬಾಣ ತಲೆಗೆ ತಲೆ ಕೊಟ್ಟು ನಿಂತಿದ್ದರೆ ಬ್ರಿಟಿಷ್ ಸೈನ್ಯ ಅದನ್ನು ಮಾರಿದೆ ಎಂದು ಅರ್ಥ. ಡಿ.ಪಿ. ಎಂದು ಕಂಡರೆ ಕೈ ಬಿಡಿ. ಡ್ರಿಲ್‌ಗೆ ಮಾತ್ರ, ತೋಟಾ ಹಾಕಿದರೆ ಮುಖಕ್ಕೇ ಬರಬಹುದು. ಇನ್ನೊಂದು ತಮಾಷೆ ಇದೆ. ಹೊರಗಿನಿಂದ ಅಚ್ಚು 303 ಹಾಗೇ ಇರುತ್ತದೆ, ಒಳಗೆ ಇಣುಕಿದರೆ ನಳಿಗೆಯಲ್ಲಿ ಸುರುಳಿ ಗೆರೆಯೇ ಇಲ್ಲ, ನುಣ್ಣಗೆ. ಇಶಾಪುರದಲ್ಲೇ ಪೊಲೀಸರಿಗೆ, ಜೈಲು ಕಾವಲಿಗೆ ಅಂತ 303ಗಳನ್ನು 410 ಮಸ್ಕೆಟ್ ಮಾಡಿದ್ದರು. ಅದು ನಕಲಿ ಅಲ್ಲ, ಬೇರೆಯೇ ಒಂದು ಅಸಲಿ.

ಬರ್ಮಾ ಎಂದೆನಲ್ಲ. ನಿಜವಾಗಿ ಅಲ್ಲಿಂದ ಬಂದ ಜಪಾನಿನ ಅರಿಸಾಕ ರೈಫಲ್ಲಿನ ನೆತ್ತಿಯ ಮೇಲೆ 16 ಎಸಳಿನ ಸೇವಂತಿಗೆ ಇರುತ್ತದೆ. ಅದು ಚಕ್ರವರ್ತಿಯ ಹೂವು. 1945ರಲ್ಲಿ ಶರಣಾಗಿ ಒಪ್ಪಿಸಿದ ಎಷ್ಟೋ ಕೋವಿಗಳಲ್ಲಿ ಆ ಹೂವನ್ನು ಉಜ್ಜಿ ಅಳಿಸಿದ್ದಾರೆ. ಹೂವು ಹಾಗೇ ಉಳಿದಿದ್ದರೆ ಯುದ್ಧದ ನಡುವೆಯೇ ಕೈಬದಲಾದದ್ದು ಎಂದು ಸಂಗ್ರಹಕಾರರು ಊಹಿಸುತ್ತಾರೆ.

ನಮ್ಮ ಮನೆಯ ಕೋವಿಯದು ಇನ್ನೂ ಸಾದಾ ಕಥೆ. ನಳಿಗೆಯ ಮೇಲೆ 315 ಎಂದಿತ್ತು. ಸೈನ್ಯದ ತೋಟಾ ಜನರ ಕೈಗೆ ಸಿಗಬಾರದು ಎಂದು, ಅದೇ ಲೀ-ಎನ್‌ಫೀಲ್ಡ್ ಮೈಗೆ ಬೇರೆ ಅಳತೆಯ ನಳಿಗೆ ಹಾಕಿ ಮಾರಿದ ರೈಫಲ್ ಅದು. ತೋಟಾ ಆಸ್ಟ್ರಿಯಾದ ಹಳೆ 8 ಮಿಲಿಮೀಟರ್ ಜಾತಿಯದು. ಯುದ್ಧ ಕಂಡದ್ದೇ ಇಲ್ಲ. ಕಂಡಿದ್ದರೆ ಗದ್ದೆಗೆ ಇಳಿದ ಹಂದಿಯನ್ನು. ದೊರೆ ಕೊಟ್ಟದ್ದೂ ಅಲ್ಲ. ಅಜ್ಜ ದುಡ್ಡು ಕೊಟ್ಟು ಕೊಂಡದ್ದು. ಪೆಟ್ಟಿಗೆಯಲ್ಲಿ ರಸೀದಿ ಸಿಕ್ಕಿತು. ಅಜ್ಜಿಗೆ ಗೊತ್ತಿತ್ತೋ ಇಲ್ಲವೋ, ಕೇಳೋಣ ಎಂದರೆ ಅವರಿಲ್ಲ.

ನನ್ನದೊಂದು ತಪ್ಪನ್ನೂ ಹೇಳಿಬಿಡುತ್ತೇನೆ. ಇದೆಲ್ಲ ತಿಳಿಯುವ ಮೊದಲು, ಹತ್ತೊಂಬತ್ತರ ವಯಸ್ಸಿನಲ್ಲಿ, ಕೋವಿ ಫಳಫಳ ಹೊಳೆಯಲಿ ಎಂದು ಎಮರಿ ಕಾಗದ ಹಿಡಿದು ಕೂತಿದ್ದೆ. ನಮ್ಮ ಮಳೆಗೆ ತುಕ್ಕು ಹಿಡಿಯದೇ ಇರುತ್ತದೆಯೇ? ತುಕ್ಕು ಉಜ್ಜಿದೆ. ಮರವನ್ನೂ ಉಜ್ಜಿ ಬಾಗಿಲಿಗೆ ಹೊಡೆಯುವ ವಾರ್ನಿಶ್ ಹೊಡೆದೆ. ಸೈನ್ಯದವರು ಮರಕ್ಕೆ ಹಚ್ಚುತ್ತಿದ್ದದ್ದು ಬರೀ ಅಗಸೆ ಎಣ್ಣೆ. ಮರದ ಮೇಲಿನ ಮುದ್ರೆಗಳು ಅವತ್ತೇ ಹೋದವು. ಕಬ್ಬಿಣದ ಮೇಲಿನ ನಂಬರಿನ ಕೊನೆಯ ಅಂಕಿಯೂ ಅರ್ಧ ಸವೆಯಿತು.

ಚುನಾವಣೆ ಬಂದಾಗಲೆಲ್ಲ ನಮ್ಮ ಕಡೆ ಕೋವಿಗಳನ್ನು ಠಾಣೆಗೆ ಒಪ್ಪಿಸಬೇಕು, ನಿಮಗೂ ಗೊತ್ತು. ನಾನೂ ಗೋಣಿಚೀಲದಲ್ಲಿ ಸುತ್ತಿಕೊಂಡು ಹೋಗುತ್ತೇನೆ. ಬರೆದುಕೊಳ್ಳುವವರು ಕೋವಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ, ಕೊನೆಯ ಅಂಕಿ ಎಂಟು ಎನ್ನುತ್ತಾರೆ. ಲೈಸೆನ್ಸಿನಲ್ಲಿ ಇರುವುದೂ ಎಂಟೇ. ಹೌದು ಸರ್, ಎಂಟು ಎನ್ನುತ್ತೇನೆ. ನನ್ನ ನೋಟ್‌ಬುಕ್ಕಿನ ಪೆನ್ಸಿಲ್ ಅಚ್ಚಿನಲ್ಲಿ ಮಾತ್ರ ಅದು ಇವತ್ತಿಗೂ ಮೂರರ ಹಾಗೇ ಕಾಣುತ್ತದೆ.

ನಮಸ್ಕಾರ.