ಬೋಟ್ ಬದಲಾಯಿತು, ವೀಸಾ ಏನಾಯಿತು?

[ದೃಶ್ಯ: ಮರೀನಾ. ಯಾಟ್‌ನಿಂದ ದಡಕ್ಕೆ ಚಾಚಿದ ಹಲಗೆ. ಅದರ ಕೆಳಗೆ ಒಂದು ಬ್ಯಾಗ್.]

ನಮಸ್ಕಾರ. ಒಂದು ಸನ್ನಿವೇಶ ಊಹಿಸಿಕೊಳ್ಳಿ. ಫ್ಲೋರಿಡಾದ ಫೋರ್ಟ್ ಲಾಡರ್‌ಡೇಲ್. ಬೇರೆ ದೇಶದಿಂದ ಬಂದ, ಡೆಕ್ ತೊಳೆಯುವ, ಹಗ್ಗ ಕಟ್ಟುವ ಒಬ್ಬ ಡೆಕ್‌ಹ್ಯಾಂಡ್ ಬೆಳಿಗ್ಗೆ ಕೆಲಸ ಬಿಟ್ಟು ಯಾಟ್‌ನಿಂದ ಇಳಿಯುತ್ತಾನೆ. ಪಕ್ಕದ ಮರೀನಾದಲ್ಲೇ, ಅಂದರೆ ಯಾಟ್‌ಗಳು ನಿಲ್ಲುವ ಚಿಕ್ಕ ಬಂದರಿನಲ್ಲೇ, ಹೊಸ ಕೆಲಸ ಸಿಕ್ಕಿದೆ. ಆದರೆ ಶುರುವಾಗುವುದು ಮೂರು ವಾರ ಬಿಟ್ಟು. ಹಾಗಾದರೆ ಈ ಮೂರು ವಾರ ಅವನು ಆ ದೇಶದಲ್ಲಿ ಯಾರು? ಕ್ರೂನಾ? ಪ್ರವಾಸಿಯಾ?

ಯಾಟ್ ಕ್ರೂ ಸಿಕ್ಕಿಬೀಳುವುದು ಜಾಸ್ತಿ ಇಲ್ಲೇ. ಹಳೇ ಕೆಲಸದಲ್ಲೂ ಅಲ್ಲ, ಹೊಸ ಕೆಲಸದಲ್ಲೂ ಅಲ್ಲ. ಎರಡರ ನಡುವಿನ ಖಾಲಿ ದಿನಗಳಲ್ಲಿ. ಇವತ್ತು ಆ ಖಾಲಿ ದಿನಗಳ ಬಗ್ಗೆ ಮಾತಾಡೋಣ. ಮೊದಲು ಅಮೆರಿಕ, ಆಮೇಲೆ ಯುರೋಪ್.

[ತೆರೆಯ ಮೇಲೆ: ಪಾಸ್‌ಪೋರ್ಟ್‌ನ ವೀಸಾ ಪುಟ, ಪಕ್ಕದಲ್ಲಿ ಐ-94 ದಾಖಲೆ]

ಅಮೆರಿಕದ ವಿಷಯದಲ್ಲಿ ಎರಡು ಕಾಗದಗಳನ್ನು ಬೇರೆ ಬೇರೆಯಾಗಿ ನೋಡಬೇಕು. ವೀಸಾ ನಿಮ್ಮನ್ನು ಬಾಗಿಲ ತನಕ ತರುತ್ತದೆ, ಅಷ್ಟೇ. ಒಳಗೆ ಎಲ್ಲಿಯವರೆಗೆ ಇರಬಹುದು ಎಂದು ಹೇಳುವುದು ಐ-94 ಎಂಬ ದಾಖಲೆ. "ನನ್ನ ವೀಸಾ ಇನ್ನೂ ಎಷ್ಟೋ ವರ್ಷ ಇದೆ" ಎಂದು ನಿಶ್ಚಿಂತೆಯಿಂದ ಇದ್ದವರ ಐ-94 ಮುಗಿದು ತಿಂಗಳಾಗಿರಬಹುದು. ದಯವಿಟ್ಟು ಈ ವಿಡಿಯೋ ಮುಗಿದ ತಕ್ಷಣ ಅಮೆರಿಕದ ಗಡಿ ಇಲಾಖೆಯ ವೆಬ್‌ಸೈಟ್‌ನಲ್ಲಿ ನಿಮ್ಮ ಐ-94 ತೆಗೆದು ನೋಡಿ.

ಈಗ ವೀಸಾದ ಬಗೆ. ಹೊರದೇಶದ ಬಂದರನ್ನು ನೆಲೆಯಾಗಿಟ್ಟುಕೊಂಡ ಖಾಸಗಿ ಯಾಟ್ ಅಮೆರಿಕದ ನೀರಿನಲ್ಲಿ 29 ದಿನಕ್ಕಿಂತ ಜಾಸ್ತಿ ಸುತ್ತುವುದಾದರೆ, ಅದರ ಕ್ರೂಗೆ ಬೇಕಾದದ್ದು ಬಿ-1, ಅಂದರೆ ವ್ಯವಹಾರಕ್ಕೆ ಬರುವವರ ವೀಸಾ. ಪಾಸ್‌ಪೋರ್ಟ್‌ನಲ್ಲಿ ಅದು ಸಾಮಾನ್ಯವಾಗಿ ಪ್ರವಾಸಿಗಳ ಬಿ-2 ವೀಸಾದ ಜೊತೆ ಸೇರಿ ಬಿ1/ಬಿ2 ಎಂದೇ ಇರುತ್ತದೆ. ಇದರ ಹಿಂದಿನ ಲೆಕ್ಕಾಚಾರ ಸರಳ. ಯಾಟ್ ಹೊರದೇಶದ್ದು, ಸಂಬಳ ಹೊರಗಿನಿಂದ ಬರುತ್ತದೆ, ಆದ್ದರಿಂದ ನೀವು ಅಮೆರಿಕದವರ ಕೆಲಸ ಕಿತ್ತುಕೊಳ್ಳುತ್ತಿಲ್ಲ. ಹಾಗಾಗಿ ಹೊಸ ಕೆಲಸ ಒಪ್ಪಿಕೊಳ್ಳುವ ಮುಂಚೆ ಮೊದಲ ಪ್ರಶ್ನೆ ಇದಾಗಿರಲಿ: ಯಾಟ್‌ನ ಬಾವುಟ ಯಾವುದು, ಅಂದರೆ ಅದು ಯಾವ ದೇಶದಲ್ಲಿ ನೋಂದಣಿಯಾಗಿದೆ? ಅದರ ನೆಲೆ ಬಂದರು ಹೊರದೇಶದಲ್ಲಿದೆಯಾ? ಕೇಮನ್ ದ್ವೀಪ, ಮಾರ್ಷಲ್ ದ್ವೀಪ, ಮಾಲ್ಟಾ ಇದ್ದರೆ ದಾರಿ ಇದೆ. ಅಮೆರಿಕದ ಬಾವುಟ ಇದ್ದರೆ ಬಿ-1 ಹಿಡಿದುಕೊಂಡು ಅಲ್ಲಿ ಕೆಲಸಕ್ಕೆ ಸೇರಬೇಡಿ. ಸಂಬಳ ಎಷ್ಟೇ ಚೆನ್ನಾಗಿರಲಿ.

ನಮ್ಮ ಡೆಕ್‌ಹ್ಯಾಂಡ್ ನವೆಂಬರ್ 10ಕ್ಕೆ ಒಳಗೆ ಬಂದ, ಐ-94ನಲ್ಲಿ ಮೇ 9 ಎಂದು ಬರೆದಿದೆ ಎಂದುಕೊಳ್ಳಿ. ಫೆಬ್ರವರಿಯಲ್ಲಿ ಯಾಟ್ ಬದಲಾಯಿಸಿದ. ಈಗ ಅವನ ಗಡುವು ಯಾವುದು? ಅದೇ ಮೇ 9. ಹೊಸ ಯಾಟ್ ಹತ್ತಿದ ಮಾತ್ರಕ್ಕೆ ದಿನಗಳು ಹೊಸದಾಗಿ ಶುರುವಾಗುವುದಿಲ್ಲ. ಇನ್ನೂ ಇರಬೇಕಾದರೆ ಗಡುವಿಗೆ ಮುಂಚೆಯೇ ಅವಧಿ ವಿಸ್ತರಿಸಿ ಎಂದು ಕೇಳುವ ಐ-539 ಅರ್ಜಿ ಹಾಕಬೇಕು, ಅದಕ್ಕೆ ಸರಿಯಾದ ಕಾರಣವನ್ನೂ ಕೊಡಬೇಕು.

ಆ ಮೂರು ವಾರಗಳಲ್ಲಿ ಏನು ಮಾಡಬಹುದು? ಬಿ-1, ಬಿ-2ನಲ್ಲಿ ಇರುವವರು ಕೆಲಸ ಹುಡುಕಬಹುದು, ಸಂದರ್ಶನಕ್ಕೆ ಹೋಗಬಹುದು ಎಂದು ಅಮೆರಿಕದ ವಲಸೆ ಇಲಾಖೆಯೇ ಹೇಳಿದೆ. ಆದರೆ ಡೇವರ್ಕ್ ಬೇರೆ ವಿಷಯ. ಒಂದು ದಿನ ಈ ಯಾಟ್ ತೊಳೆದು, ಇನ್ನೊಂದು ದಿನ ಆ ಯಾಟ್‌ಗೆ ಪಾಲಿಶ್ ಹಾಕಿ ದಿನಗೂಲಿ ತಗೊಳ್ಳುವುದು. ಎಲ್ಲರೂ ಮಾಡ್ತಾರೆ ಎನ್ನುವುದು ನಿಜ. ಆದರೆ ಗಡಿಯಲ್ಲಿ ಅಧಿಕಾರಿ ಕೇಳಿದಾಗ ಆ ಉತ್ತರ ನಡೆಯುವುದಿಲ್ಲ. ಕೈಯಲ್ಲಿ ದುಡ್ಡಿಲ್ಲದ ಹುಡುಗ ಹುಡುಗಿಯರೇ ಇದಕ್ಕೆ ಇಳಿಯುವುದು, ಅದಕ್ಕೇ ನನಗೆ ಇದು ಸಂಕಟ. ಒಂದು ದಿನದ ಕೂಲಿಗೆ ಇಡೀ ವೃತ್ತಿಯನ್ನು ಒತ್ತೆ ಇಟ್ಟ ಹಾಗೆ.

ಇನ್ನು ಕೆಲವರ ವೀಸಾದ ಕೆಳಗೆ ಯಾಟ್‌ನ ಹೆಸರನ್ನೇ ಬರೆದಿರುತ್ತಾರೆ. ಹೆಸರು ಒಂದು, ಹತ್ತಿದ ಯಾಟ್ ಇನ್ನೊಂದು ಎಂದಾದರೆ ಪ್ರಶ್ನೆ ಬರುತ್ತದೆ. ಹೊಸ ಕ್ಯಾಪ್ಟನ್ ಬರೆದ ಪತ್ರ ಜೊತೆಗಿರಲಿ. ಒಳಗೆ ಬಿಡುವುದು, ಬಿಡದಿರುವುದು ಕೊನೆಗೆ ಗಡಿಯ ಅಧಿಕಾರಿಯ ಕೈಯಲ್ಲಿದೆ.

ಹಡಗು, ವಿಮಾನದ ಸಿಬ್ಬಂದಿಗೆಂದೇ ಇರುವ ಡಿ ವೀಸಾದಲ್ಲಿ ಒಳಗೆ ಬಂದವರಿಗೆ ದಾರಿ ಇನ್ನೂ ಕಿರಿದು. ಅವರಿಗೆ ಸಿಗುವುದು ಹೆಚ್ಚೆಂದರೆ 29 ದಿನ. ಅದನ್ನು ವಿಸ್ತರಿಸಲು ಆಗುವುದಿಲ್ಲ, ದೇಶದ ಒಳಗಿದ್ದುಕೊಂಡೇ ಬೇರೆ ಬಗೆಯ ವೀಸಾಕ್ಕೆ ಬದಲಾಯಿಸಿಕೊಳ್ಳಲೂ ಆಗುವುದಿಲ್ಲ. ಗಡಿಯಲ್ಲಿ ಡಿ-1 ಅನುಮತಿ ಕೊಟ್ಟಿದ್ದರೆ ಬಂದ ಹಡಗಿನಲ್ಲೇ ಹೊರಡಬೇಕು. ಡಿ-2 ಇದ್ದರೆ ಬೇರೆ ಹಡಗಿನಲ್ಲೋ ವಿಮಾನದಲ್ಲೋ ಹೋಗಬಹುದು. ಯಾವುದು ಕೊಟ್ಟಿದ್ದಾರೆ ಎಂದು ನೋಡದೆ ಕೆಲಸ ಬಿಡಬೇಡಿ.

ಗಡುವು ಮೀರಿದರೆ? ಐ-94ನ ತಾರೀಕು ದಾಟಿ ಉಳಿದರೆ ಆ ವೀಸಾ ರದ್ದಾಗುತ್ತದೆ. 180 ದಿನಕ್ಕಿಂತ ಜಾಸ್ತಿ ಉಳಿದು ಹೊರಟರೆ 3 ವರ್ಷ ಮತ್ತೆ ಬರುವ ಹಾಗಿಲ್ಲ. ಒಂದು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಆದರೆ 10 ವರ್ಷ.

[ದೃಶ್ಯ: ಫ್ರಾನ್ಸ್‌ನ ಆಂಟೀಬ್, ನಂತರ ಸ್ಪೇನ್‌ನ ಪಾಲ್ಮಾ. ಸಾಲಾಗಿ ನಿಂತ ಯಾಟ್‌ಗಳು.]

ಬೇಸಿಗೆಯಲ್ಲಿ ಯಾಟ್‌ಗಳೆಲ್ಲ ಮೆಡಿಟರೇನಿಯನ್‌ ಕಡೆ ಬರುತ್ತವೆ. ಅಲ್ಲಿನ ಷೆಂಗೆನ್, ಅಂದರೆ ಒಳಗಡಿಗಳಲ್ಲಿ ಸಾಮಾನ್ಯವಾಗಿ ತಪಾಸಣೆ ಇಲ್ಲದ ಯುರೋಪಿನ ದೇಶಗಳ ಗುಂಪಿನ ಲೆಕ್ಕ ನಿಮಗೆ ಗೊತ್ತಿರಬಹುದು: ಯಾವುದೇ 180 ದಿನಗಳಲ್ಲಿ 90 ದಿನ. ಬಂದ ದಿನ, ಹೋದ ದಿನ ಎರಡೂ ಸೇರುತ್ತವೆ. ಫ್ರಾನ್ಸ್‌ನಿಂದ ಸ್ಪೇನ್‌ಗೆ ಹೋದರೆ ಹೊಸ 90 ಸಿಗುವುದಿಲ್ಲ, 29 ದೇಶಗಳಿಗೂ ಸೇರಿ ಒಂದೇ ಲೆಕ್ಕ.

ಕ್ರೂಗೆ ಇದರಲ್ಲಿ ಒಂದು ಉಸಿರಾಡುವ ಜಾಗ ಇದೆ. ಸಮುದ್ರಕ್ಕೆ ಹೊರಡುವ ಯಾಟ್‌ಗೆ ಸೇರಿದವರ ಪಾಸ್‌ಪೋರ್ಟ್‌ಗೆ ನಿರ್ಗಮನದ ಮುದ್ರೆ ಬಿದ್ದರೆ 90 ದಿನದ ಗಡಿಯಾರ ನಿಲ್ಲುತ್ತದೆ. ಯಾಟ್ ಬಿಟ್ಟು ಇಳಿದಾಗ ಮತ್ತೆ ಓಡತೊಡಗುತ್ತದೆ. ಸರಿ, ಮುದ್ರೆ ಯಾವಾಗ ಹಾಕಬೇಕು? ರೋಟರ್‌ಡ್ಯಾಮ್ ಬಂದರಿನಲ್ಲಿ ತುಂಬಾ ಕಾಲ ನಿಂತಿದ್ದ ಹಡಗುಗಳಿಗೆ ಸೇರಿದ ನಾವಿಕರು ಇದೇ ಪ್ರಶ್ನೆ ಎತ್ತಿದ್ದರು. ಸೇರಿದ ದಿನವೇ ಮುದ್ರೆ ಕೊಡಿ ಎಂಬುದು ಅವರ ವಾದ. 2020ರ ಫೆಬ್ರವರಿ 5ರಂದು ಯುರೋಪಿಯನ್ ಒಕ್ಕೂಟದ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಹಡಗು ಇನ್ನೇನು ಹೊರಡುತ್ತದೆ ಎಂದು ಕ್ಯಾಪ್ಟನ್ ಅಧಿಕಾರಿಗಳಿಗೆ ತಿಳಿಸಿದಾಗ ಮಾತ್ರ ಮುದ್ರೆ ಹಾಕಬೇಕು ಎಂದಿತು.

ಇದು ಯಾಟ್ ಕ್ರೂಗೆ ದೊಡ್ಡ ಹೊಡೆತ. ಯಾಕೆಂದರೆ ರಿಪೇರಿಗೆಂದು ಯಾಟ್ ತಿಂಗಳುಗಟ್ಟಲೆ ಯಾರ್ಡ್‌ನಲ್ಲೇ ನಿಲ್ಲುವುದುಂಟು. ಅಂಥ ಯಾಟ್‌ಗೆ ಸೇರಿದರೆ ನೀವು ಹಗಲೆಲ್ಲ ಕೆಲಸ ಮಾಡುತ್ತಿದ್ದರೂ ಗಡಿಯಾರ ಓಡುತ್ತಲೇ ಇರುತ್ತದೆ. ಹಾಗಾಗಿ ಹೊಸ ಕ್ಯಾಪ್ಟನ್‌ಗೆ ನೇರವಾಗಿ ಕೇಳಿ: "ಯಾಟ್ ಯಾವತ್ತು ಹೊರಡುತ್ತದೆ? ಅಲ್ಲಿಯವರೆಗೆ ನನ್ನ ವೀಸಾ ಹೇಗೆ?" ಸೇರಿದ ಮೇಲೆ ನೋಡೋಣ ಬಿಡು ಎಂದರೆ ಬರೆದುಕೊಡಿ ಎನ್ನಿ. 2025ರ ಅಕ್ಟೋಬರ್ 12ರಿಂದ ಹಂತ ಹಂತವಾಗಿ ಮುದ್ರೆಯ ಜಾಗಕ್ಕೆ ಬೆರಳಚ್ಚು, ಮುಖದ ಫೋಟೋ ಇರುವ ಕಂಪ್ಯೂಟರ್ ವ್ಯವಸ್ಥೆ ಬಂದಿದೆ. ಮುದ್ರೆ ಮಸುಕಾಗಿತ್ತು, ಕಾಣಲಿಲ್ಲ ಎನ್ನುವ ಮಾತಿಗೆ ಇನ್ನು ಜಾಗವಿಲ್ಲ.

ದುಡ್ಡಿನ ವಿಷಯ ಒಂದು ಹೇಳಲೇಬೇಕು. ನಾವಿಕರ ಕೆಲಸದ ಬಗ್ಗೆ 2006ರ ಅಂತರರಾಷ್ಟ್ರೀಯ ಒಪ್ಪಂದ ಒಂದಿದೆ, ಎಂಎಲ್‌ಸಿ ಎನ್ನುತ್ತಾರೆ. 2013ರಲ್ಲಿ ಜಾರಿಗೆ ಬಂತು. ಬಾಡಿಗೆಗೆ ಓಡುವ ಯಾಟ್‌ಗಳು ಅದರ ಕೆಳಗೆ ಬರುತ್ತವೆ, ಮಾಲೀಕರು ಸ್ವಂತಕ್ಕೆ ಮಾತ್ರ ಬಳಸುವವು ಬರುವುದಿಲ್ಲ. ಆ ಒಪ್ಪಂದದ ಪ್ರಕಾರ ಕೆಲಸ ಕೊಡಿಸಲು ಏಜೆಂಟ್ ನಿಮ್ಮಿಂದ ಶುಲ್ಕ ತೆಗೆದುಕೊಳ್ಳುವಂತಿಲ್ಲ. ಪಾಸ್‌ಪೋರ್ಟ್, ವೈದ್ಯಕೀಯ ಪ್ರಮಾಣಪತ್ರದ ಖರ್ಚನ್ನು ನಿಮ್ಮ ಮೇಲೆ ಹಾಕಬಹುದು, ಆದರೆ ವೀಸಾ ಖರ್ಚು ಹಡಗಿನ ಮಾಲೀಕರದು. ಮಾಲೀಕರೇ ಕೆಲಸದಿಂದ ತೆಗೆದರೆ, ಅಥವಾ ಒಪ್ಪಂದದ ಅವಧಿ ಮುಗಿದರೆ, ಊರಿಗೆ ಹೋಗುವ ಟಿಕೆಟ್ ಕೂಡ ಅವರದೇ. ಇದನ್ನು ಕೇಳಲು ಸಂಕೋಚಪಡಬೇಡಿ, ಇದು ನಿಮ್ಮ ಹಕ್ಕು.

[ದೃಶ್ಯ: ಹಲಗೆಯ ಮೇಲೆ ಮತ್ತೆ ಅದೇ ಬ್ಯಾಗ್.]

ನಮ್ಮ ಡೆಕ್‌ಹ್ಯಾಂಡ್ ಇನ್ನೂ ಹಲಗೆಯ ಮೇಲೆ ನಿಂತಿದ್ದಾನೆ ಎಂದುಕೊಳ್ಳಿ. ಇಳಿಯುವ ಮುಂಚೆ ಹಳೇ ಕ್ಯಾಪ್ಟನ್ ಹತ್ತಿರ ಅವನು ಎರಡು ಕಾಗದ ಕೇಳಬೇಕು. ಯಾವತ್ತು ಸೇರಿದ, ಯಾವತ್ತು ಬಿಟ್ಟ ಎಂದು ತಾರೀಕು ಹಾಕಿ, ಸಹಿ, ಯಾಟ್‌ನ ಮುದ್ರೆ ಒತ್ತಿದ ಪತ್ರ. ಮತ್ತೆ, ಕ್ರೂ ಪಟ್ಟಿಯಿಂದ ತನ್ನ ಹೆಸರು ತೆಗೆದದ್ದರ ಒಂದು ಪ್ರತಿ. ಇದನ್ನು ಅದೇ ದಿನ ಕೇಳಬೇಕು. ನಾಳೆ ಯಾಟ್ ಸಮುದ್ರದಲ್ಲಿರುತ್ತದೆ.